ನೆಟ್‌ವರ್ಕ್ ಕಾರ್ಡಿನ ಕೈಪಿಡಿ ಯಾರ ಸ್ವತ್ತು?

ಹಣ ತೆತ್ತು ಕೊಂಡವನೇ ಯಂತ್ರಕ್ಕೆ ಒಡೆಯನೆಂಬುದು ಲೋಕರೂಢಿ. ಗಣಕಯಂತ್ರವನ್ನು ಜಾಲಕ್ಕೆ ಸೇರಿಸುವ ವೇಗದ ನೆಟ್‌ವರ್ಕ್ ಕಾರ್ಡುಗಳ ವಿಷಯದಲ್ಲಿ ಮಾತ್ರ ಈ ರೂಢಿ ನಡೆಯುವಂತೆ ತೋರುವುದಿಲ್ಲ. ಕಾರ್ಡನ್ನು ನಡೆಯಿಸುವ ಡ್ರೈವರನ್ನು ತಾನೇ ಬರೆಯಹೊರಟವನಿಗೆ ಅದರ ಕೈಪಿಡಿಯನ್ನು ಅನೇಕ ತಯಾರಕರು ಕೊಡಲೊಲ್ಲರು. ಕೊಟ್ಟರೂ ಗೋಪ್ಯತೆಯ ಕರಾರಿಗೆ ರುಜು ಹಾಕೆನ್ನುವರು. ಕರಾರಿಗೆ ಕಟ್ಟುಬಿದ್ದವನು ತಾನು ಬರೆದುದನ್ನು ಲೋಕಕ್ಕೆ ತೆರೆದಿಡುವುದೆಂತು? ಕೆನಡಾದಲ್ಲಿರುವ ಥಿಯೋ ಡಿ ರಾಟ್ ಅವರ ಮುಂದಾಳುತನದ ಓಪನ್‌ಬಿಎಸ್‌ಡಿ ಪಂಗಡವು ಇಂಥ ಕರಾರನ್ನು ನಿರಾಕರಿಸಿ, ಮುಕ್ತ ದಾಖಲೆಗಳನ್ನೇ ಬೇಡುತ್ತ ಬಂದಿದೆ.

ಇದು ಕುಶಲಿಗಳ ಮನೆಜಗಳವೆಂದು ವಾಚಕರು ಭಾವಿಸಲಾಗದು. ಈ ಕಾರ್ಡು ತನಗೆ ಬಂದ ಪ್ಯಾಕೆಟ್ಟುಗಳನ್ನು ತಾನಾಗಿಯೇ ಯಂತ್ರದ ಮೆಮೊರಿಯಲ್ಲಿ ಇಳಿಸುತ್ತದೆ. ಐಓಎಂಎಂಯು ಎಂಬ ಕಾವಲನ್ನು ಇಡದಿದ್ದರೆ ಅದು ಮೆಮೊರಿಯ ಯಾವ ಮೂಲೆಯನ್ನಾದರೂ ಓದಬಲ್ಲದು, ತಿದ್ದಲೂ ಬಲ್ಲದು. ಬ್ಯಾಂಕಿನ ಲೆಕ್ಕವೂ ಕಛೇರಿಯ ಕಡತವೂ ಹಾದುಹೋಗುವ ಬಾಗಿಲಿನ ಕಾವಲುಗಾರನನ್ನು ಪರೀಕ್ಷಿಸುವ ಹಕ್ಕು ಮನೆಯವನಿಗಿಲ್ಲವೆಂದರೆ ಅದಾವ ನ್ಯಾಯ?

ಲೈನಕ್ಸಿಗೆ ಡ್ರೈವರನ್ನು ತಾವೇ ಬರೆದುಕೊಡುತ್ತೇವಲ್ಲ ಎಂಬುದು ಕೆಲವು ತಯಾರಕರ ಸಮಾಧಾನ. ಆದರೆ ಯಾವ ರಿಜಿಸ್ಟರಿಗೆ ಯಾವ ಅಂಕಿಯನ್ನು ಏಕೆ ಬರೆದರೆಂಬುದು ಅದರಿಂದ ತಿಳಿಯದು. ಊಹಿಸಿ ನಡೆಯುವಷ್ಟು ವ್ಯವಧಾನವೂ ಇಲ್ಲಿಲ್ಲ. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ಅತಿ ಚಿಕ್ಕ ಪ್ಯಾಕೆಟ್ಟುಗಳು ಸೆಕೆಂಡಿಗೆ 1 ಕೋಟಿ 48 ಲಕ್ಷಕ್ಕೂ ಮೀರಿ ಬರಬಲ್ಲವು. ಒಂದೊಂದಕ್ಕೆ ದೊರೆಯುವ ಕಾಲ ಸುಮಾರು 67 ನ್ಯಾನೋಸೆಕೆಂಡು.

ಗುಟ್ಟು ಬಯಲಾದರೆ ವ್ಯಾಪಾರ ಕೆಟ್ಟೀತೆಂಬ ವಾದಕ್ಕೆ ಅನುಭವದ ಬೆಂಬಲವಿಲ್ಲ. ಇಂಟೆಲ್ ಸಂಸ್ಥೆಯು 82599 ಎಂಬ ತನ್ನ 10 ಗಿಗಾಬಿಟ್ ಚಿಪ್ಪಿನ ವಿವರಗ್ರಂಥವನ್ನು ಬಹಿರಂಗವಾಗಿಯೇ ಪ್ರಕಟಿಸಿತು. ಅದರ ಆಧಾರದಿಂದ ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದವರು ಇಕ್ಸಿ ಎಂಬ ಡ್ರೈವರನ್ನು ಸಿ ಭಾಷೆಯಲ್ಲಿ ಸುಮಾರು ಒಂದು ಸಾವಿರ ಸಾಲುಗಳಲ್ಲಿ ಬರೆದರು. 2019ರ ಹೊತ್ತಿಗೆ ಅದೇ ಡ್ರೈವರು ರಸ್ಟ್, ಗೋ, ಜಾವಾ, ಹ್ಯಾಸ್ಕೆಲ್, ಪೈಥಾನ್ ಮೊದಲಾದ ಭಾಷೆಗಳಲ್ಲಿಯೂ ಸಿದ್ಧವಾಗಿತ್ತು. ವಿದ್ಯಾರ್ಥಿಗಳು ಓದಿ ಅರಿಯಬಹುದಾದ ವಿಷಯವನ್ನು ಮಂತ್ರರಹಸ್ಯವೆಂಬಂತೆ ಕಾಯುವುದು ವಿಚಿತ್ರವೇ ಸರಿ! ಮೆಲನಾಕ್ಸ್ ಸಂಸ್ಥೆಯೂ 2016ರಲ್ಲಿ, 100 ಗಿಗಾಬಿಟ್ಟಿನವರೆಗೆ ಸಾಗುವ ತನ್ನ ಕನೆಕ್ಟ್‌ಎಕ್ಸ್-4 ಕಾರ್ಡುಗಳ ಕೈಪಿಡಿಯನ್ನು ಪ್ರಕಟಿಸಿತು.

ಇಷ್ಟಾದರೂ ಕಾರ್ಡಿನ ಒಡಲೊಳಗೇ ನಡೆಯುವ ಫರ್ಮ್‌ವೇರ್ ಬಹುಮಟ್ಟಿಗೆ ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿದಿದೆ. ಅದರ ಬಾಗಿಲನ್ನು ಒಮ್ಮೆಗೇ ತೆರೆಸುವುದು ಕಷ್ಟ. ಕೈಪಿಡಿಯ ಮಾತು ಹಾಗಲ್ಲ. ದೊಡ್ಡ ಗಿರಾಕಿಯ ಮಾತಿಗೆ ತಯಾರಕನು ಕಿವಿಗೊಡುತ್ತಾನೆ. ಸರಕಾರಗಳೂ ವಿಶ್ವವಿದ್ಯಾಲಯಗಳೂ ಈ ಯಂತ್ರಗಳನ್ನು ಕೊಳ್ಳುವಾಗ, ಕರಾರಿಲ್ಲದೆ ಯಾರಿಗಾದರೂ ದೊರೆಯುವ ಕೈಪಿಡಿ ಇರತಕ್ಕದ್ದೆಂಬ ಒಂದು ಷರತ್ತನ್ನು ಟೆಂಡರಿನಲ್ಲಿ ಸೇರಿಸಲಿ.