ರದ್ದಾದ ಕಾಯ್ದೆಯ ನೆರಳಿನಲ್ಲಿ ಮನೆ ಮಾಲೀಕರು

ಕರ್ನಾಟಕದ ನಗರಗಳಲ್ಲಿ ಬಾಡಿಗೆಗೆ ದೊರೆಯುವ ಮನೆಗಳಲ್ಲಿ ಬಹುಪಾಲು ಸರ್ಕಾರ ಕಟ್ಟಿಸಿದವೂ ಅಲ್ಲ, ದೊಡ್ಡ ಕಂಪನಿಗಳ ಒಡೆತನದವೂ ಅಲ್ಲ. ಮೂವತ್ತು-ನಲವತ್ತರ ನಿವೇಶನದ ನೆಲಮಹಡಿಯಲ್ಲಿ ತಾವು ವಾಸವಿದ್ದು, ನಿವೃತ್ತಿಯ ಹಣವನ್ನೋ ಬ್ಯಾಂಕಿನ ಸಾಲವನ್ನೋ ಹಾಕಿ ಮೇಲೆ ಒಂದೆರಡು ಅಂತಸ್ತು ಎಬ್ಬಿಸಿದ ಸಾಮಾನ್ಯ ಕುಟುಂಬಗಳೇ ಈ ಮನೆಗಳ ಒಡೆಯರು. 2011ರ ಜನಗಣತಿಯ ಪ್ರಕಾರ ದೇಶದ ನಗರವಾಸಿ ಕುಟುಂಬಗಳಲ್ಲಿ ಶೇ. 27.5ರಷ್ಟು ಬಾಡಿಗೆ ಮನೆಗಳಲ್ಲಿದ್ದವು, ಮತ್ತು ಅದೇ ಗಣತಿಯು ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿರುವುದನ್ನೂ ದಾಖಲಿಸಿತು. ಮನೆಗಾಗಿ ಅಲೆಯುವವರೂ ಬೀಗ ಹಾಕಿದ ಮನೆಗಳೂ ಒಂದೇ ಊರಿನಲ್ಲಿರುವ ಈ ಸ್ಥಿತಿಗೆ ಕಾರಣಗಳು ಹಲವಿದ್ದರೂ, ಒಮ್ಮೆ ಕೊಟ್ಟ ಮನೆ ಮರಳಿ ಕೈಗೆ ಬರುವುದೋ ಇಲ್ಲವೋ ಎಂಬ ಮಾಲೀಕರ ಅಂಜಿಕೆ ಅವುಗಳಲ್ಲಿ ಮುಖ್ಯವಾದುದು. ಆ ಅಂಜಿಕೆಯನ್ನು ಹುಟ್ಟಿಸಿದ ಕಾಯ್ದೆ ರದ್ದಾಗಿ ಎರಡು ದಶಕಗಳಿಗೂ ಹೆಚ್ಚು ಕಾಲವಾಗಿದೆ. ಆದರೆ ಅದರಿಂದ ಪಾರಾಗಲು ರೂಢಿಸಿಕೊಂಡ ಅಭ್ಯಾಸಗಳು ಹಾಗೆಯೇ ಉಳಿದು, ಇಂದು ಮಾಲೀಕರನ್ನು ಕಾಯುವುದಕ್ಕಿಂತ ಹೆಚ್ಚಾಗಿ ಅವರ ಕೈಯನ್ನೇ ಕಟ್ಟಿಹಾಕುತ್ತಿವೆ.

ಅಂಜಿಕೆಯ ಮೂಲ

ಬಾಡಿಗೆ ನಿಯಂತ್ರಣ ಹುಟ್ಟಿದ್ದು ಕೊರತೆಯ ಕಾಲದಲ್ಲಿ. ಮಹಾಯುದ್ಧಗಳ ಅವಧಿಯಲ್ಲಿ ನಗರಗಳಿಗೆ ಜನ ನುಗ್ಗಿ ಬಂದಾಗ, ಬಾಡಿಗೆಯನ್ನು ಮನಬಂದಂತೆ ಏರಿಸುವುದನ್ನೂ ಬಾಡಿಗೆದಾರರನ್ನು ಬೀದಿಗೆ ತಳ್ಳುವುದನ್ನೂ ತಡೆಯಲು ಭಾರತದ ಹಲವು ಪ್ರಾಂತ್ಯಗಳಲ್ಲಿ ತಾತ್ಕಾಲಿಕ ಆದೇಶಗಳು ಹೊರಟವು. ತಾತ್ಕಾಲಿಕವೆಂದು ಬಂದದ್ದು ಮುಂದೆ ಕಾಯಂ ಆಯಿತು: ಮೈಸೂರು ರಾಜ್ಯದಲ್ಲಿ 1951ರಲ್ಲಿ ಒಂದು ಕಾಯ್ದೆ ಬಂದಿತು, ಏಕೀಕರಣದ ನಂತರ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಅದರ ಸ್ಥಾನವನ್ನು ತುಂಬಿತು. ಈ ಕಾಯ್ದೆಯಡಿ ಮನೆ ಖಾಲಿಯಾದರೆ ಮಾಲೀಕನು ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು, ಅಧಿಕಾರಿಯು ಆ ಮನೆಯನ್ನು ಬೇರೊಬ್ಬರಿಗೆ ಹಂಚಿಕೆ ಮಾಡಬಹುದಿತ್ತು. ತೆರವಿಗೆ ಅವಕಾಶವಿದ್ದದ್ದು 21ನೇ ಕಲಮಿನಲ್ಲಿ ಪಟ್ಟಿ ಮಾಡಿದ ಕಾರಣಗಳಿಗೆ ಮಾತ್ರ. ಅವುಗಳಲ್ಲಿ ಹೆಚ್ಚು ಬಳಕೆಯಾದದ್ದು ‘ಸ್ವಂತ ಉಪಯೋಗಕ್ಕೆ ನಿಜವಾಗಿ ಬೇಕಾಗಿದೆ’ ಎಂಬ ಕಾರಣ. ಆದರೆ ಆ ಅಗತ್ಯ ನಿಜವಾದುದೆಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಡುವಷ್ಟರಲ್ಲಿ ಮಗನ ಮದುವೆಗೆಂದು ಹೂಡಿದ ದಾವೆ ಮೊಮ್ಮಗನ ಕಾಲಕ್ಕೆ ಮುಗಿಯುವುದೂ ಉಂಟೆಂಬ ಮಾತು ಊರೂರುಗಳಲ್ಲಿ ಚಾಲ್ತಿಯಲ್ಲಿತ್ತು. ಬಾಡಿಗೆ ಏರದೆ ನಿಂತಾಗ ದುರಸ್ತಿಗೆ ಹಣ ಹಾಕುವವರಿಲ್ಲದೆ ಹಳೆಯ ಬಡಾವಣೆಗಳ ವಠಾರಗಳು ಶಿಥಿಲವಾಗತೊಡಗಿದವು.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಈ ಚಿತ್ರವನ್ನು ಬಹುಮಟ್ಟಿಗೆ ಬದಲಿಸಿತು. ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಸ್ಥಳಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಈ ಕಾಯ್ದೆಯು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಅಂದಿನ ದಿನಗಳಿಗೆ ದೊಡ್ಡದೆನಿಸಿದ್ದ ಆ ಮೊತ್ತಕ್ಕೆ ಇಂದು ಬೆಂಗಳೂರಿನಲ್ಲಿ ಒಂದು ಕೋಣೆಯೂ ಸಿಗುವುದು ಕಷ್ಟ. ಹೀಗಾಗಿ ಈಗ ‘ಟು-ಲೆಟ್’ ಫಲಕ ತೂಗುವ ಮನೆಗಳಲ್ಲಿ ಹೆಚ್ಚಿನವು ಬಾಡಿಗೆ ಕಾಯ್ದೆಗೆ ಒಳಪಡದೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಸಾಮಾನ್ಯ ನಿಯಮಗಳಿಗೆ ಒಳಪಡುತ್ತವೆ. ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದಲ್ಲಿ, ಆ ಕಾಯ್ದೆಯ 106ನೇ ಕಲಮಿನ ಪ್ರಕಾರ ತಿಂಗಳ ಬಾಡಿಗೆಯ ವಾಸದ ಮನೆಯ ಕರಾರನ್ನು 15 ದಿನಗಳ ಲಿಖಿತ ನೋಟಿಸಿನಿಂದ ಕೊನೆಗಾಣಿಸಬಹುದು. ತೆರವಿಗೆ ವಿಶೇಷ ಕಾರಣವನ್ನು ರುಜುವಾತುಪಡಿಸಬೇಕಾಗಿಯೂ ಇಲ್ಲ.

ಆದರೂ ನೋಟಿಸಿಗೆ ಬಾಡಿಗೆದಾರನು ಜಗ್ಗದಿದ್ದರೆ ನ್ಯಾಯಾಲಯದಲ್ಲಿ ತೆರವಿನ ದಾವೆ ಹೂಡುವುದೊಂದೇ ಮಾರ್ಗ. ಬೀಗ ಒಡೆದು ಸಾಮಾನು ಹೊರಗೆಸೆದರೆ, ಸ್ವತ್ತಿನಿಂದ ಕಾನೂನುಬಾಹಿರವಾಗಿ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅವಕಾಶ ಕೊಡುತ್ತದೆ. ನೀರು, ವಿದ್ಯುತ್ ಕಡಿತಗೊಳಿಸಿ ಒತ್ತಡ ಹೇರುವ ಮಾಲೀಕನೂ ಮುಂದೆ ನ್ಯಾಯಾಲಯದ ಸಹಾನುಭೂತಿಯನ್ನು ಕಳೆದುಕೊಳ್ಳುತ್ತಾನೆ. ಅಂದರೆ ಕಾನೂನಿನ ಒಲವು ಬದಲಾದರೂ ಅದು ನಡೆಯುವ ವೇಗ ಬದಲಾಗಿಲ್ಲ.

ಮಾಲೀಕರ ಅಂಜಿಕೆಗೆ ಅಂಟಿಕೊಂಡ ಒಂದು ನಂಬಿಕೆ, ಹನ್ನೆರಡು ವರ್ಷ ವಾಸವಿದ್ದರೆ ಮನೆ ಬಾಡಿಗೆದಾರನದೇ ಆಗುತ್ತದೆ ಎಂಬುದು. ಪ್ರತಿಕೂಲ ಸ್ವಾಧೀನವೆಂದರೆ ನಿಜವಾದ ಒಡೆಯನ ಹಕ್ಕನ್ನು ಅಲ್ಲಗಳೆದು, ಬಹಿರಂಗವಾಗಿ, ನಿರಂತರವಾಗಿ ಸ್ವತ್ತನ್ನು ಹಿಡಿದಿಟ್ಟುಕೊಳ್ಳುವುದು. ಮಾಲೀಕನ ಒಪ್ಪಿಗೆಯಿಂದ ಒಳಬಂದು ಬಾಡಿಗೆ ಕೊಡುತ್ತಿರುವವನ ವಾಸ ಎಷ್ಟು ವರ್ಷವಾದರೂ ಆ ರೂಪವನ್ನು ತಾಳುವುದಿಲ್ಲ. ತನ್ನನ್ನು ಒಳಬಿಟ್ಟ ಮಾಲೀಕನ ಒಡೆತನವನ್ನು ಬಾಡಿಗೆಯ ಅವಧಿಯಲ್ಲಿ ಪ್ರಶ್ನಿಸದಂತೆ ಸಾಕ್ಷ್ಯ ಕಾನೂನು ಬಾಡಿಗೆದಾರನನ್ನು ತಡೆಯುತ್ತದೆ. ಅಪಾಯ ಎದುರಾಗುವುದು ರಸೀದಿಯಿಲ್ಲದೆ, ಕರಾರಿಲ್ಲದೆ, ಬಾಡಿಗೆ ಸಂಬಂಧವೇ ಇತ್ತೆಂದು ತೋರಿಸುವ ಯಾವ ಕಾಗದವೂ ಇಲ್ಲದೆ ಬಂಧುಗಳಿಗೋ ಪರಿಚಿತರಿಗೋ ಮನೆ ಬಿಟ್ಟುಕೊಟ್ಟಾಗ.

ಹನ್ನೊಂದು ತಿಂಗಳು, ಹತ್ತು ತಿಂಗಳು

ಬಾಡಿಗೆ ಕರಾರುಗಳೆಲ್ಲ ಹನ್ನೊಂದು ತಿಂಗಳಿಗೇ ಏಕಿರುತ್ತವೆಂಬುದಕ್ಕೆ ಉತ್ತರ 1908ರ ನೋಂದಣಿ ಕಾಯ್ದೆಯಲ್ಲಿದೆ. ಒಂದು ವರ್ಷವನ್ನು ಮೀರಿದ ಗುತ್ತಿಗೆಯ ಪತ್ರವನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟ ಮತ್ತು ಶುಲ್ಕವನ್ನು ತಪ್ಪಿಸಲು ಒಂದು ತಿಂಗಳನ್ನು ಕಡಿಮೆ ಮಾಡಿ ಬರೆಯುವುದು ವಾಡಿಕೆಯಾಯಿತು. ಹನ್ನೊಂದು ತಿಂಗಳ ಕರಾರು ಮಾಡಿಕೊಂಡರೆ ಬಾಡಿಗೆದಾರನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲವೆಂಬ ಭಾವನೆ ಇದರೊಂದಿಗೆ ಬೆರೆತುಕೊಂಡಿದೆ. ಆದರೆ ಅವಧಿ ಮುಗಿದ ಮೇಲೂ ಬಾಡಿಗೆದಾರನು ಉಳಿದುಕೊಂಡು, ಮಾಲೀಕನು ಬಾಡಿಗೆ ಸ್ವೀಕರಿಸುತ್ತ ಹೋದರೆ, ಕಾನೂನಿನ ದೃಷ್ಟಿಯಲ್ಲಿ ಅದು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಹೊಸ ಗುತ್ತಿಗೆಯಾಗುತ್ತದೆ. ಆಗ ಹಳೆಯ ಪತ್ರದ ವಾರ್ಷಿಕ ಏರಿಕೆ, ದಂಡ ಮುಂತಾದ ಷರತ್ತುಗಳ ಬಗ್ಗೆ ತಕರಾರೆತ್ತಲು ದಾರಿಯಾಗುತ್ತದೆ. ಸಾಲದ್ದಕ್ಕೆ, ಮೊತ್ತ ಎಷ್ಟೇ ಇರಲಿ ನೂರು-ಇನ್ನೂರು ರೂಪಾಯಿಯ ಸ್ಟಾಂಪು ಕಾಗದದಲ್ಲಿ ಬರೆಸುವ ರೂಢಿಯಿದೆ. ಸುಂಕ ಕಡಿಮೆಯಾದ ಪತ್ರವನ್ನು ನ್ಯಾಯಾಲಯವು ಸಾಕ್ಷ್ಯವಾಗಿ ಪರಿಗಣಿಸಬೇಕಾದರೆ ಬಾಕಿ ಸುಂಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕೆಂಬುದು 1957ರ ಕರ್ನಾಟಕ ಸ್ಟಾಂಪು ಕಾಯ್ದೆಯ ನಿಯಮ. ಹೀಗೆ ಉಳಿತಾಯಕ್ಕೆಂದು ಮಾಡಿದ ಕಾಗದವು ಅಗತ್ಯ ಬಿದ್ದ ದಿನವೇ ದುಬಾರಿಯಾಗುತ್ತದೆ.

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಪದ್ಧತಿಯ ಹಿಂದೆಯೂ ಇದೇ ತರ್ಕವಿದೆ. ಬಾಡಿಗೆ ನಿಂತುಹೋಗಿ ದಾವೆ ಎಳೆದಾಡಿದರೆ ಅಷ್ಟು ತಿಂಗಳ ಹಣವಾದರೂ ಕೈಯಲ್ಲಿರಲಿ ಎಂಬ ಎಚ್ಚರಿಕೆ ಅದು. ಆದರೆ ಅಡ್ವಾನ್ಸ್ ಮಾಲೀಕನ ಆದಾಯವಲ್ಲ, ಹಿಂದಿರುಗಿಸಬೇಕಾದ ಋಣ. ಅದನ್ನು ಮೇಲಂತಸ್ತಿನ ಕೆಲಸಕ್ಕೋ ಮಗಳ ಮದುವೆಗೋ ಖರ್ಚು ಮಾಡಿದವರು, ಮುಂದಿನ ಬಾಡಿಗೆದಾರ ಸಿಗುವವರೆಗೆ ಹಿಂದಿನವರ ಹಣ ಕೊಡಲಾಗದೆ ಕಟ್ಟಿಬೀಳುತ್ತಾರೆ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ವಾಡಿಕೆ ಜಗಳಕ್ಕೆ ತಿರುಗುವುದೂ ಇಲ್ಲಿಯೇ. ಸಹಜ ಬಳಕೆಯ ಸವೆತವನ್ನು ಬಿಟ್ಟು ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕೆಂದು ಕಾನೂನು ಬಾಡಿಗೆದಾರನಿಗೆ ಹೇಳುತ್ತದೆ, ಆದರೆ ಪಡೆದ ಸ್ಥಿತಿ ಯಾವುದೆಂಬುದನ್ನು ಚಿತ್ರ ಸಹಿತ ದಾಖಲಿಸಿಟ್ಟ ಮಾಲೀಕರು ವಿರಳ. ಈ ಹಣವನ್ನು ನಗದಾಗಿ ಪಡೆಯುವುದರಲ್ಲಿ ಇನ್ನೊಂದು ತೊಡಕಿದೆ: ಒಂದೇ ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಸ್ವೀಕರಿಸಿದವರಿಗೆ ಅಷ್ಟೇ ಮೊತ್ತದ ದಂಡ ವಿಧಿಸುವ ನಿಯಮ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ಅಡ್ವಾನ್ಸಿನ ಅಣ್ಣನೆನ್ನಬಹುದಾದದ್ದು ಭೋಗ್ಯ. ಬಾಡಿಗೆದಾರನು ಒಂದು ಇಡಿಗಂಟನ್ನು ಕೊಟ್ಟು ಎರಡು-ಮೂರು ವರ್ಷ ತಿಂಗಳ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಅಷ್ಟೂ ಹಣವನ್ನು ಹಿಂಪಡೆಯುವ ಈ ವ್ಯವಸ್ಥೆಯಲ್ಲಿ, ಮಾಲೀಕನಿಗೆ ದೊರೆಯುವುದು ಆ ಹಣದ ಬಡ್ಡಿಯ ಲಾಭ ಮಾತ್ರ. ಬ್ಯಾಂಕ್ ಸಾಲ ತೀರಿಸಲು ಇದು ಸುಲಭ ದಾರಿಯೆನಿಸಿದರೂ, ಅವಧಿ ಮುಗಿದ ದಿನ ಇಡಿಗಂಟನ್ನು ಹೊಂದಿಸಲಾಗದ ಮಾಲೀಕನು ತನ್ನ ಮನೆಯನ್ನು ತಾನೇ ಬಿಡಿಸಿಕೊಳ್ಳಲಾಗದ ಸ್ಥಿತಿಗೆ ಬರುತ್ತಾನೆ. ಬಾಡಿಗೆ ಬರದಿದ್ದರೂ ಆ ಮನೆ ತರಬಹುದಾಗಿದ್ದ ನ್ಯಾಯವಾದ ಬಾಡಿಗೆಯ ಮೇಲೆ ಆದಾಯ ತೆರಿಗೆ ಲೆಕ್ಕ ಹಾಕಲು ಕಾನೂನಿನಲ್ಲಿ ಅವಕಾಶವಿದೆಯೆಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ಇದಲ್ಲದೆ, ಮಾಲೀಕನಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ವಾಸಕ್ಕೆ ಬರುವವರಿಂದ ಭೋಗ್ಯದ ಹಣ ಪಡೆದು, ಕೆಲವು ತಿಂಗಳ ನಂತರ ಕಣ್ಮರೆಯಾಗುವ ಮಧ್ಯವರ್ತಿಗಳ ವಂಚನೆಯಲ್ಲಿ ಮಾಲೀಕ ಮತ್ತು ವಾಸಿಗ ಇಬ್ಬರೂ ಪರಸ್ಪರರ ಎದುರಾಳಿಗಳಾಗಿ ನಿಲ್ಲಬೇಕಾಗುತ್ತದೆ.

ಕೈಗೆ ಉಳಿಯುವ ಬಾಡಿಗೆ

ನಗರಗಳಲ್ಲಿ ವಾಸದ ಮನೆಯ ವಾರ್ಷಿಕ ಬಾಡಿಗೆಯು ಸಾಮಾನ್ಯವಾಗಿ ಅದರ ಮಾರುಕಟ್ಟೆ ಬೆಲೆಯ ಶೇ. 3-4ರ ಆಸುಪಾಸಿನಲ್ಲಿರುತ್ತದೆ, ಅಂದರೆ ಬ್ಯಾಂಕಿನ ಠೇವಣಿಗಿಂತ ಕಡಿಮೆ. ಈ ಬಾಡಿಗೆಯಲ್ಲಿ ಮೊದಲ ಪಾಲು ಕಂದಾಯದ್ದು: ಬೆಂಗಳೂರಿನಲ್ಲಿ 2008ರಿಂದ ಬಂದ ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿಯಲ್ಲಿ ಬಾಡಿಗೆಗೆ ಕೊಟ್ಟ ಭಾಗದ ದರವನ್ನು ಸ್ವಂತ ವಾಸದ ದರದ ಎರಡರಷ್ಟು ಎಂದು ಗೊತ್ತುಪಡಿಸಲಾಯಿತು. ಇಡೀ ಮನೆಯನ್ನು ಸ್ವಂತ ವಾಸವೆಂದು ಘೋಷಿಸಿ ಇದನ್ನು ತಪ್ಪಿಸಿಕೊಂಡವರು, ಮುಂದೆ ಬಾಡಿಗೆಯ ಕರಾರನ್ನು ಎಲ್ಲಿಯೂ ತೋರಿಸಲು ಹಿಂಜರಿಯುತ್ತಾರೆ.

ಆದಾಯ ತೆರಿಗೆಯ ಲೆಕ್ಕ ಹೀಗಿದೆ. ತಿಂಗಳಿಗೆ 20,000ದಂತೆ ವರ್ಷಕ್ಕೆ 2,40,000 ರೂಪಾಯಿ ಬಾಡಿಗೆ ಬಂದು, 10,000 ರೂಪಾಯಿ ಕಂದಾಯ ಕಟ್ಟಿದ್ದರೆ ಉಳಿಯುವ 2,30,000ದಲ್ಲಿ ದುರಸ್ತಿ ಮುಂತಾದವುಗಳಿಗೆಂದು ಶೇ. 30, ಅಂದರೆ 69,000 ರೂಪಾಯಿ ಕಳೆದು, 1,61,000 ರೂಪಾಯಿಯನ್ನು ತೆರಿಗೆಗೆ ಒಳಪಡುವ ಆದಾಯವೆಂದು ಎಣಿಸಲಾಗುತ್ತದೆ. ಮನೆ ಸಾಲದ ಬಡ್ಡಿಯಿದ್ದರೆ ಅದನ್ನೂ ಕಳೆಯಬಹುದು. ಆದರೆ ಆ ಶೇ. 30 ಎಂಬುದು ಸ್ಥಿರ. ಸಂಪು ಸೋರಿ ಇಡೀ ವರ್ಷದ ಬಾಡಿಗೆಯನ್ನು ನುಂಗಿದರೂ ಅದು ಹೆಚ್ಚುವುದಿಲ್ಲ. ವಿದೇಶದಲ್ಲಿ ನೆಲೆಸಿ ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟಿರುವ ಕನ್ನಡಿಗರ ತೊಡಕು ಬೇರೆಯೇ: ಅವರಿಗೆ ಬಾಡಿಗೆ ಕೊಡುವವರು, ಮೊತ್ತ ಎಷ್ಟೇ ಚಿಕ್ಕದಿರಲಿ, ಸುಮಾರು ಶೇ. 31ರಷ್ಟು ತೆರಿಗೆಯನ್ನು ಮೂಲದಲ್ಲೇ ಮುರಿದು ಸರ್ಕಾರಕ್ಕೆ ಕಟ್ಟಬೇಕು. ಈ ರಗಳೆಯೇ ಬೇಡವೆಂದು ಬಾಡಿಗೆದಾರರು ಹಿಂದೆ ಸರಿಯುವುದರಿಂದ ಅಂತಹ ಮನೆಗಳಿಗೆ ಬೀಗವೇ ಗತಿಯಾಗುತ್ತದೆ.

ಕಾಗದದ ಬಗೆಗಿನ ಹಿಂಜರಿಕೆ ದಿನನಿತ್ಯದ ಸಂಗತಿಗಳಲ್ಲೂ ಕಾಣುತ್ತದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ, ಬಾಡಿಗೆದಾರರು ಕರಾರು ಪತ್ರವನ್ನು ಆಧಾರವಾಗಿಟ್ಟು ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಗೆ ತಮ್ಮ ಹೆಸರು ಜೋಡಿಸಿಕೊಳ್ಳಬಹುದಾಗಿತ್ತು. ಇದರಿಂದ ಮನೆಯ ಮೇಲೆ ಹಕ್ಕು ಹುಟ್ಟೀತೆಂದು ಕೆಲವು ಮಾಲೀಕರು ಅಳುಕಿದರು. ವಿದ್ಯುತ್ ರಿಯಾಯಿತಿಗೆ ಮಾಡಿದ ಜೋಡಣೆ ಒಡೆತನವನ್ನು ಕೊಡುವುದಿಲ್ಲ, ಬದಲಿಗೆ ವಾಸಿಗನು ಬಾಡಿಗೆದಾರನೆಂಬುದಕ್ಕೆ ಅವನದೇ ಒಪ್ಪಿಗೆಯ ದಾಖಲೆಯಾಗುತ್ತದೆ. ಮೂರು ಮನೆಗೆ ಒಂದೇ ಮೀಟರು, ಒಂದೇ ಕಾವೇರಿ ಸಂಪರ್ಕ ಇರುವಲ್ಲಿ ತೊಡಕು ಇನ್ನೂ ಹೆಚ್ಚು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ನೀರೇ ಗತಿಯಾದಾಗ, ಆ ಖರ್ಚು ಯಾರದೆಂದು ಕರಾರಿನಲ್ಲಿ ಬರೆಯದಿದ್ದ ಮನೆಗಳಲ್ಲಿ ಮನಸ್ತಾಪಗಳು ಹುಟ್ಟಿದವು.

ಆಯ್ಕೆಯ ಹಕ್ಕು, ಆಯ್ಕೆಯ ಅಳತೆಗೋಲು

ಕಾಗದವನ್ನು ನಂಬದ ಮಾಲೀಕನು ಮನುಷ್ಯನನ್ನು ಅಳೆಯತೊಡಗುತ್ತಾನೆ. ಉದ್ಯೋಗ, ಹಿಂದಿನ ಮಾಲೀಕರ ಅಭಿಪ್ರಾಯ, ಗುರುತಿನ ಚೀಟಿಗಳನ್ನು ಪರಿಶೀಲಿಸುವುದು, ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ಕೊಡುವುದು, ವಿದೇಶೀಯರಿದ್ದರೆ 24 ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ ಮಾಹಿತಿ ಸಲ್ಲಿಸುವುದು ನ್ಯಾಯವಾದ ಎಚ್ಚರಿಕೆಗಳೇ. ಆದರೆ ಅಳತೆಗೋಲು ಬಹಳಷ್ಟು ಸಲ ಜಾತಿ, ಧರ್ಮ, ಆಹಾರ, ಮದುವೆಯಾಗಿದೆಯೇ ಇಲ್ಲವೇ ಎಂಬುದಕ್ಕೆ ಇಳಿಯುತ್ತದೆ. ಖಾಸಗಿ ಬಾಡಿಗೆಯಲ್ಲಿನ ಇಂತಹ ತಾರತಮ್ಯವನ್ನು ಒಟ್ಟಾರೆಯಾಗಿ ನಿಷೇಧಿಸುವ ಕೇಂದ್ರ ಕಾಯ್ದೆ ಇಲ್ಲವಾದರೂ, ಅಸ್ಪೃಶ್ಯತೆಯ ಕಾರಣಕ್ಕೆ ವಾಸಕ್ಕೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನೈತಿಕತೆಯನ್ನು ಬದಿಗಿಟ್ಟು ನೋಡಿದರೂ ಈ ಅಳತೆಗೋಲು ಲಾಭದಾಯಕವಲ್ಲ. ಜಾತಿ ತಿಳಿದಿರುವುದರಿಂದ ಬಾಡಿಗೆ ಸಕಾಲಕ್ಕೆ ಬರುವುದಿಲ್ಲ.

2021ರ ಜೂನ್ 2ರಂದು ಕೇಂದ್ರ ಸಂಪುಟವು ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆ ಈ ಗಂಟುಗಳಲ್ಲಿ ಕೆಲವನ್ನು ಬಿಚ್ಚಲು ಹೊರಟಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗೆ ಮೀರದ ಠೇವಣಿ, ಪ್ರತಿ ಕರಾರನ್ನೂ ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸುವುದು, ಪ್ರತ್ಯೇಕ ಬಾಡಿಗೆ ನ್ಯಾಯಾಲಯ, ಅವಧಿ ಮುಗಿದರೂ ಬಿಡದವರು ಮೊದಲ ಎರಡು ತಿಂಗಳಿಗೆ ಬಾಡಿಗೆಯ ಎರಡರಷ್ಟು ಹಾಗೂ ಅನಂತರ ನಾಲ್ಕರಷ್ಟು ತೆರುವುದು ಅದರ ಮುಖ್ಯಾಂಶಗಳು. ಬಾಡಿಗೆ ಸಂಬಂಧವು ರಾಜ್ಯಪಟ್ಟಿಯ ವಿಷಯವಾದ್ದರಿಂದ, ಪ್ರತಿ ರಾಜ್ಯವೂ ತನ್ನ ಶಾಸನದ ಮೂಲಕ ಒಪ್ಪಿದಾಗ ಮಾತ್ರ ಈ ಮಾದರಿಗೆ ಬಲ ಬರುತ್ತದೆ. ನೆರೆಯ ತಮಿಳುನಾಡು 2017ರಲ್ಲೇ ತನ್ನದೇ ಹೊಸ ಕಾಯ್ದೆಯನ್ನು ರೂಪಿಸಿ 2019ರಲ್ಲಿ ಜಾರಿಗೆ ತಂದಿತ್ತು. ಮಾದರಿ ಕಾಯ್ದೆಯ ಒಳತಿರುಳು ಒಂದು ವಿನಿಮಯ: ಮಾಲೀಕನು ದೊಡ್ಡ ಅಡ್ವಾನ್ಸನ್ನೂ ಬಾಯಿಮಾತಿನ ಸಡಿಲವನ್ನೂ ಬಿಟ್ಟುಕೊಡಬೇಕು, ಪ್ರತಿಯಾಗಿ ರಾಜ್ಯವು ಅವನಿಗೆ ತ್ವರಿತ ತೀರ್ಪನ್ನು ಕೊಡಬೇಕು. ತೀರ್ಪು ತಿಂಗಳುಗಳಲ್ಲಿ ಬರುವ ಭರವಸೆಯಿಲ್ಲದೆ ಠೇವಣಿಯನ್ನು ಮಾತ್ರ ಇಳಿಸಿದರೆ ಮನೆಗಳಿಗೆ ಬೀಗ ಬೀಳುತ್ತದೆ. ಸರಿಯಾದ ಸ್ಟಾಂಪಿನ, ನಿಜವಾದ ಅವಧಿಯ, ಬ್ಯಾಂಕಿನ ಮೂಲಕ ಹಣ ಹರಿದ ಕರಾರುಗಳಿಲ್ಲದಿದ್ದರೆ ಎಷ್ಟೇ ಚುರುಕಾದ ನ್ಯಾಯಾಲಯಕ್ಕೂ ಮಾಲೀಕನ ಪರವಾಗಿ ಬರೆಯಲು ಆಧಾರ ಸಿಗುವುದಿಲ್ಲ. ಕರಾರನ್ನು ಸರಿಪಡಿಸುವ ಈ ಎರಡನೆಯ ಕೆಲಸಕ್ಕೆ ಯಾವ ಶಾಸನಕ್ಕಾಗಿಯೂ ಕಾಯಬೇಕಾಗಿಲ್ಲ, ಮುಂದಿನ ಕರಾರಿನಿಂದಲೇ ಅದನ್ನು ಆರಂಭಿಸಬಹುದು.