ಉತ್ತರ ಗೊತ್ತಿತ್ತು, ಟೈಮ್ ಇರ್ಲಿಲ್ಲ

ಇಂಟರ್ನಲ್ಸ್ ಬರೆದು ಹೊರಗೆ ಬಂದು ಬ್ಯಾಗ್ ಎತ್ತಿಕೊಳ್ಳೋ ಹೊತ್ತಿಗೆ ಸರಿಯಾದ ಉತ್ತರ ನೆನಪಾಗೋದು ನಮಗೆಲ್ಲ ಹೊಸದೇನಲ್ಲ. "ಹೋಗ್ಲಿ ಬಿಡು ಮಗಾ" ಅಂತ ಕ್ಯಾಂಟೀನ್ ಕಡೆ ನಡೀತೀವಿ. ಆದರೆ ಹತ್ತು ವರ್ಷದ ಮಗುವಿಗೆ ಹೀಗಾದರೆ ಅದು ನಕ್ಕು ಸುಮ್ಮನಾಗಲ್ಲ. "ನನಗೆ ಲೆಕ್ಕ ಬರಲ್ಲ" ಅಂತ ತೀರ್ಮಾನ ಮಾಡಿಬಿಡುತ್ತೆ. ನಿಜವಾಗಿ ಆಗಿರೋದು ಬೇರೆಯೇ. ಅದೇನು ಅಂತ ನೋಡೋಣ.

ಮೊದಲು ಸಣ್ಣ ಲೆಕ್ಕ. ನಾವು ಬರೆದ ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಪ್ರಶ್ನೆಗೆ 80 ಸೆಕೆಂಡ್. ನವೋದಯ ಶಾಲೆಯ 6ನೇ ತರಗತಿಗೆ ಸೇರಲು 5ನೇ ಕ್ಲಾಸಿನ ಮಕ್ಕಳು ಬರೆಯೋ ಪರೀಕ್ಷೆಯಲ್ಲಿ 80 ಪ್ರಶ್ನೆ, 2 ಗಂಟೆ. ಪ್ರಶ್ನೆಗೆ 90 ಸೆಕೆಂಡ್. ಪ್ರಶ್ನೆಗಳ ಮಟ್ಟ ಬೇರೆ, ಒಪ್ಪೋಣ. ಆದರೆ ಗಡಿಯಾರದ ಓಟ ಹೆಚ್ಚುಕಮ್ಮಿ ಒಂದೇ. ನಮಗೆ ಪಿಯುಸಿ ಮುಗಿದ ಮೇಲೆ ಬಂದ ಒತ್ತಡ ಆ ಮಕ್ಕಳಿಗೆ ಪ್ರೈಮರಿಯಲ್ಲೇ ಬಂದಿರುತ್ತೆ.

ಈಗ ತಲೆಯೊಳಗೆ ಹೋಗೋಣ. ನಮ್ಮ ಭಾಷೆಯಲ್ಲೇ ಹೇಳೋದಾದರೆ, ಕಲಿತದ್ದೆಲ್ಲ ಹಾರ್ಡ್ ಡಿಸ್ಕ್‌ನಲ್ಲಿರುತ್ತೆ. ಲೆಕ್ಕ ಮಾಡೋ ಹೊತ್ತಲ್ಲಿ ಬೇಕಾದದ್ದು ರ‍್ಯಾಮ್. ಇದಕ್ಕೆ ಮನಶ್ಶಾಸ್ತ್ರದವರು ವರ್ಕಿಂಗ್ ಮೆಮೊರಿ ಅಂತಾರೆ. ಇದರಲ್ಲಿ ಜಾಗ ಬಹಳ ಕಡಿಮೆ. 17ನ್ನು 6ರಿಂದ ಗುಣಿಸುವಾಗ 42ರ 2 ಬರೆದು, ದಶಕ 4 ನೆನಪಿಟ್ಟುಕೊಳ್ತೀವಲ್ಲ, ಆ 4 ಕೂತಿರೋದು ಇಲ್ಲೇ. ಅದೇ ಹೊತ್ತಿಗೆ "ಇನ್ನೆಷ್ಟು ನಿಮಿಷ ಇದೆ? ಪಕ್ಕದವನು ಪುಟ ತಿರುಗಿಸಿದ. ಅಪ್ಪ ಬೈತಾರೆ" ಅನ್ನೋ ಯೋಚನೆಗಳು ಹಿಂದೆ ಓಡ್ತಾ ಇದ್ದರೆ, ಅವೂ ಇದೇ ರ‍್ಯಾಮ್ ತಿನ್ನುತ್ತವೆ. ದಶಕ 4 ಜಾರಿ ಹೋಗುತ್ತೆ. ಹಾರ್ಡ್ ಡಿಸ್ಕ್‌ಗೆ ಏನೂ ಆಗಿರಲ್ಲ. ಅದಕ್ಕೇ ಹೊರಗೆ ಬಂದ ತಕ್ಷಣ ಉತ್ತರ ಹೊಳೆಯೋದು.

2001ರಲ್ಲಿ ಆಶ್‌ಕ್ರಾಫ್ಟ್ ಮತ್ತು ಕರ್ಕ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಕೆಲವು ಅಕ್ಷರಗಳನ್ನು ನೆನಪಿಟ್ಟುಕೊಂಡೇ ಕೂಡಿಸೋ ಲೆಕ್ಕ ಮಾಡಬೇಕಿತ್ತು. ಗಣಿತ ಅಂದರೆ ಭಯಪಡುವವರು ಹೆಚ್ಚು ಎಡವಿದ್ದು ದಶಕ ಬರೋ ಲೆಕ್ಕಗಳಲ್ಲಿ.

ಹಾಗಂತ ಒತ್ತಡವೇ ಬೇಡ ಅಂತಲ್ಲ. ನಾಳೆ ಸಬ್ಮಿಷನ್ ಅಂದಾಗಲೇ ನಮ್ಮ ಲ್ಯಾಬ್ ರೆಕಾರ್ಡ್ ಮುಗಿಯೋದು. ಬರೀ ನೋಡಿ ಬರೆಯೋ ಕೆಲಸಕ್ಕೆ ಅವಸರ ನಡೆಯುತ್ತೆ. ಯೋಚಿಸಿ ಬಿಡಿಸೋ ಕೆಲಸಕ್ಕೆ ಅದೇ ಅವಸರ ಮುಳುವಾಗುತ್ತೆ. ಮಗ್ಗಿಯನ್ನು ಈಗಷ್ಟೇ ಕಲಿಯುತ್ತಿರೋ ಮಗುವಿಗೆ 7x8 ಕೂಡ ಯೋಚಿಸಿ ಬಿಡಿಸೋ ಕೆಲಸವೇ. ಅದರ ಮುಂದೆ ಸ್ಟಾಪ್‌ವಾಚ್ ಹಿಡಿದರೆ ನಾವು ಅಳೆಯೋದು ಗಣಿತಾನಾ, ಭಯಾನಾ?

ವ್ಯವಸ್ಥೆಯೂ ಸ್ವಲ್ಪ ಬದಲಾಗಿದೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆ ಓದೋಕೇ 15 ನಿಮಿಷ ಕೊಡ್ತಾರೆ. 2023-24ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಹೆಚ್ಚು ಬಂದ ಅಂಕ ಉಳಿಯುತ್ತೆ. ಗಡಿಯಾರ ನಿಧಾನ ಆಗಿಲ್ಲ, ಆದರೆ "ಇದೊಂದೇ ಚಾನ್ಸ್" ಅನ್ನೋ ಭಾರ ಇಳಿದಿದೆ.

ಉಳಿದದ್ದು ಮನೆಯಲ್ಲಿ ಆಗಬೇಕು. ರಜೆಗೆ ಊರಿಗೆ ಹೋದಾಗ "ಸ್ವಲ್ಪ ಇವನಿಗೆ ಲೆಕ್ಕ ಹೇಳಿಕೊಡು" ಅಂತ ತಮ್ಮನನ್ನೋ ಅಕ್ಕನ ಮಗಳನ್ನೋ ನಮ್ಮ ಮುಂದೆ ಕೂರಿಸ್ತಾರಲ್ಲ, ಆಗ ಇಷ್ಟು ಮಾಡಬಹುದು:

1. ಮೊದಲು ಟೈಮರ್ ಇಲ್ಲದೆ ಕಲಿಸೋಣ. ಲೆಕ್ಕ ಕೈಗೆ ಹತ್ತಿದ ಮೇಲೆ ಗಡಿಯಾರ ಇಟ್ಟು ಅಭ್ಯಾಸ ಮಾಡಿಸೋಣ. ಪರೀಕ್ಷೆಯ ದಿನ ಗಡಿಯಾರವೂ ಹೊಸದು ಅನ್ನಿಸಬಾರದು.

2. ಬಾರದ ಪ್ರಶ್ನೆ ಬಿಟ್ಟು ಮುಂದೆ ಹೋಗಿ, ಆಮೇಲೆ ವಾಪಸ್ ಬರೋದನ್ನು ಕಲಿಸೋಣ. ಇದನ್ನು ಶಾಲೆಯಲ್ಲಿ ಹೇಳಿಕೊಡೋದು ಕಡಿಮೆ.

3. ಭಯವನ್ನು ಬರೆಯೋಕೆ ಹೇಳೋಣ. 2011ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ರಾಮಿರೆಜ್ ಮತ್ತು ಬೈಲಾಕ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಆತಂಕವನ್ನೇ ಬರೆದ ವಿದ್ಯಾರ್ಥಿಗಳ ಅಂಕ ಸುಧಾರಿಸಿತ್ತು. ಹೆಚ್ಚು ಭಯಪಡುವವರಿಗೆ ಇದರಿಂದ ಹೆಚ್ಚು ಲಾಭ. ಕಾಗದಕ್ಕೆ ಇಳಿಸಿದ ಮೇಲೆ ರ‍್ಯಾಮ್ ಸ್ವಲ್ಪ ಖಾಲಿ ಆಗುತ್ತೆ ಅಂದುಕೊಳ್ಳಿ.

4. ಬಾಗಿಲಲ್ಲೇ "ಎಷ್ಟು ಬರುತ್ತೆ?" ಅಂತ ಕೇಳೋದು ಬೇಡ. ಮೊದಲು ಊಟ ಆಗಲಿ.

ಮಗು ಊಟ ಬಿಟ್ಟರೆ, ನಿದ್ದೆ ಮಾಡದಿದ್ದರೆ, "ಬದುಕಿ ಏನು ಪ್ರಯೋಜನ" ಅನ್ನೋ ಥರ ಮಾತಾಡಿದರೆ ಈ ಟಿಪ್ಸ್ ಸಾಲಲ್ಲ. ದೊಡ್ಡವರಿಗೆ ಹೇಳಬೇಕು, ವೈದ್ಯರ ಹತ್ತಿರ ಕರ್ಕೊಂಡು ಹೋಗಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್ ಹಾಸ್ಟೆಲ್‌ನಲ್ಲಿರೋ ನಮಗೂ ಅನ್ವಯಿಸುತ್ತೆ, ಸೇವ್ ಮಾಡಿಟ್ಟುಕೊಳ್ಳಿ.