‘ಆಂಪ್ ಬಿಸಿ ಆಗಾಕತ್ತೈತ್ರಿ!’

ಗದಗದಿಂದ ಹುಬ್ಬಳ್ಳಿ ಕಡೆಗೆ ಹೊರಟರೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಹುಲಕೋಟಿ. ಸಹಕಾರಿ ಧುರೀಣ ಕೆ.ಎಚ್. ಪಾಟೀಲರ ಊರು, ಸಹಕಾರಿ ನೂಲಿನ ಗಿರಣಿಯ ಊರು, ಕೃಷಿ ವಿಜ್ಞಾನ ಕೇಂದ್ರದ ಊರು. ಸಹಕಾರ ಚಳವಳಿ 1905ರಲ್ಲಿ ಬೇರುಬಿಟ್ಟ ಕಣಗಿನಹಾಳವೂ ಇದೇ ಸೀಮೆಯದು. ಇದೆಲ್ಲ ಪುಸ್ತಕಕ್ಕೆ ಬಂದಿರುವ ಸಂಗತಿ. ಪುಸ್ತಕಕ್ಕೆ ಬಾರದ ಕಸುಬೊಂದು ಈ ಹೆದ್ದಾರಿಯ ಬದಿಗೆ, ಗದುಗಿನ ಗಲ್ಲಿಗಳಲ್ಲಿ, ಲಕ್ಷ್ಮೇಶ್ವರ, ಮುಂಡರಗಿಯ ಬಸ್‌ಸ್ಟ್ಯಾಂಡ್ ಹಿಂದಿನ ಸಣ್ಣ ಅಂಗಡಿಗಳಲ್ಲಿ ನಡೆಯುತ್ತದೆ: ಕಾರು, ಟ್ರ್ಯಾಕ್ಟರುಗಳ ಸೌಂಡ್ ಸಿಸ್ಟಮ್ ರಿಪೇರಿ.

ಟ್ರ್ಯಾಕ್ಟರಿಗೇಕೆ ಸೌಂಡ್ ಸಿಸ್ಟಮ್ ಎಂದು ಕೇಳುವವರು ಉತ್ತರ ಕರ್ನಾಟಕದವರಲ್ಲ. ಎರೆಹೊಲದಲ್ಲಿ ಇಡೀ ದಿನ ರಂಟೆ ಹೊಡೆಯುವ ಡ್ರೈವರನಿಗೆ ಎಂಜಿನ್ ಸದ್ದಿನ ಮೇಲೆ ಹಾಡು ಕೇಳಬೇಕು. ಗಣಪತಿ ಕಳಿಸುವಾಗ, ಮದುವೆಗೆ ಬೀಗರನ್ನು ಕರೆತರುವಾಗ ಅದು ಊರಿಗೇ ಕೇಳಬೇಕು. ಹಾಗಾಗಿ ಸೀಟಿನ ಹಿಂದೆ ವೂಫರ್ ಡಬ್ಬಿ, ಅದರ ಬೆನ್ನಿಗೆ ಆಂಪ್ಲಿಫೈಯರ್. ಅಂಗಡಿಗೆ ಬರುವ ದೂರು ಮಾತ್ರ ಬಹುತೇಕ ಒಂದೇ: “ಅಣ್ಣಾರ, ಹತ್ತ ನಿಮಿಷ ಚಲೋ ಹಾಡತೈತಿ, ಆಮ್ಯಾಲ ಗಪ್ ಆಕ್ಕೈತಿ. ಮುಟ್ಟಿದ್ರ ಕೈ ಸುಡತೈತ್ರಿ.”

ಗಪ್ಪಾಗುವುದು ರೋಗವಲ್ಲ, ರಕ್ಷಣೆ. ಒಳಗಿನ ಶಾಖ 80–90 ಡಿಗ್ರಿಯ ಆಸುಪಾಸು ಮುಟ್ಟಿದಾಗ ಹೆಚ್ಚಿನ ಆಂಪ್‌ಗಳು ತಾವೇ ಬಾಯಿ ಮುಚ್ಚಿಕೊಳ್ಳುತ್ತವೆ, ಕೆಂಪು ದೀಪ ಹೊತ್ತುತ್ತದೆ. ಬಿಸಿಯಾಗುವುದೂ ತಪ್ಪಲ್ಲ. ಹಳೆಯ ಎಬಿ ಕ್ಲಾಸ್ ಆಂಪ್ ಬ್ಯಾಟರಿಯಿಂದ ಎಳೆದ ವಿದ್ಯುತ್ತಿನಲ್ಲಿ ಹೆಚ್ಚೆಂದರೆ ಅರ್ಧಕ್ಕಿಂತ ಸ್ವಲ್ಪ ಮೇಲೆ ದನಿ ಮಾಡುತ್ತದೆ, ಉಳಿದದ್ದೆಲ್ಲ ಶಾಖ. 400 ವ್ಯಾಟ್ ದನಿ ಬೇಕಾದರೆ 700 ವ್ಯಾಟ್ ಎಳೆಯಬೇಕು. ಮಿಕ್ಕ 300 ವ್ಯಾಟ್ ಎಂದರೆ 25 ವ್ಯಾಟಿನ ಹನ್ನೆರಡು ಸೋಲ್ಡರಿಂಗ್ ಐರನ್‌ಗಳನ್ನು ಒಂದೇ ಪೆಟ್ಟಿಗೆಯೊಳಗೆ ಹೊತ್ತಿಸಿಟ್ಟಂತೆ. ಈಚಿನ ಡಿ ಕ್ಲಾಸ್ ಆಂಪ್‌ಗಳು ಶೇ 80–90ರಷ್ಟನ್ನು ದನಿಗೇ ಕೊಡುವುದರಿಂದ ತಂಪಾಗಿರುತ್ತವೆ. ಮೈ ಮುಟ್ಟಿ ನಾಲ್ಕೈದು ಸೆಕೆಂಡ್ ಕೈ ಇಡಲು ಆಗುವಂತಿದ್ದರೆ ಚಿಂತೆಯಿಲ್ಲ. ಆಗದಿದ್ದರೆ ಮಿಸ್ತ್ರಿಯ ಕೆಲಸ ಶುರು.

ಆಂಪ್ ಬಿಸಿಯಾದರೆ ತಪ್ಪು ಆಂಪ್‌ನಲ್ಲೇ ಇರುತ್ತದೆಂದು ನಂಬಿ ಮೊದಲು ಸ್ಕ್ರೂ ಬಿಚ್ಚುವವನಿಗೂ, ಕೊನೆಗೆ ಬಿಚ್ಚುವವನಿಗೂ ಇರುವ ಅಂತರವೇ ಈ ಕಸುಬಿನ ಪೂರ್ತಿ ಅಂತರ ಎನ್ನಬೇಕು. ಬಲ್ಲವನು ಮೊದಲು ಸ್ಪೀಕರ್ ವಯರ್ ಕಳಚಿ ಮೀಟರ್ ಹಚ್ಚುತ್ತಾನೆ. 4 ಓಮ್‌ನ ವೂಫರ್ ಮೀಟರಿನಲ್ಲಿ ಮೂರೂವರೆಯ ಸುತ್ತಮುತ್ತ ತೋರಿಸಬೇಕು. ಅದು ಒಂದೂವರೆ, ಎರಡು ತೋರಿಸಿದರೆ ಕತೆ ಅಲ್ಲೇ ಗೊತ್ತಾಯಿತು. ದನಿ ಸಾಲದೆಂದು ಯಾರೋ ಇನ್ನೊಂದು ವೂಫರನ್ನು ಅದೇ ಜೋಡಿಗೆ ಸೇರಿಸಿದ್ದಾರೆ. ಎರಡು 4 ಓಮ್ ಸ್ಪೀಕರ್‌ಗಳನ್ನು ಅಕ್ಕಪಕ್ಕ ಜೋಡಿಸಿದರೆ ಆಂಪ್ ಕಣ್ಣಿಗೆ ಕಾಣುವುದು 2 ಓಮ್, ಎಳೆಯಬೇಕಾದ ಕರೆಂಟು ದುಪ್ಪಟ್ಟು. ಅದರ ಮೇಲೆ ಎರಡು ಚಾನೆಲ್ಲುಗಳನ್ನು ಒಂದಾಗಿ ಕೂಡಿಸಿ ಬ್ರಿಜ್ ಮಾಡಿದ್ದರೆ ಒಂದೊಂದು ಚಾನೆಲ್ಲಿನ ಪಾಲಿಗೆ ಬರುವುದು ಬರೀ 1 ಓಮ್. ಅಷ್ಟು ಭಾರ ಹೊರಲು ಅದನ್ನು ಮಾಡಿರುವುದಿಲ್ಲ. ಇಲ್ಲಿ ರಿಪೇರಿಯೆಂದರೆ ಜೋಡಣೆ ಬದಲಿಸುವುದಷ್ಟೇ. ಗಿರಾಕಿಗೆ ಮಾತ್ರ ದನಿ ಕಡಿಮೆಯಾಯಿತೆಂಬ ಬೇಸರ.

ಎರಡನೆಯ ಜಾಗ ವಯರ್. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಹಾಡು ಜೋರಾಗಿ ನಡೆಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಆಂಪ್‌ನ ಪ್ಲಸ್‌ಗೆ ಇಟ್ಟು ನೋಡುತ್ತಾರೆ. ಆಮೇಲೆ ಮೈನಸ್‌ನಿಂದ ಮೈನಸ್‌ಗೆ. ಎರಡರಲ್ಲೂ ಕಾಲು ವೋಲ್ಟಿನೊಳಗೆ ಬಂದರೆ ವಯರ್ ಸಾಚಾ. ಒಂದು, ಒಂದೂವರೆ ವೋಲ್ಟ್ ಅಲ್ಲೇ ತಿಂದುಹೋಗುತ್ತಿದ್ದರೆ ಆಂಪ್ ಹಸಿದುಕೊಂಡು ದುಡಿಯುತ್ತಿದೆ ಎಂದರ್ಥ. ಒಳಗಿನ ಪವರ್ ಸಪ್ಲೈ ವೋಲ್ಟೇಜನ್ನು ಹಿಡಿದಿಡುವ ಜಾತಿಯದಾದರೆ, ಕಡಿಮೆಯಾದ ವೋಲ್ಟೇಜಿಗೆ ಬದಲಾಗಿ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಹಿಡಿದಿಡದ ಅಗ್ಗದ ಜಾತಿಯದಾದರೆ ದನಿ ಒಡೆಯುತ್ತದೆ, ಗಿರಾಕಿ ಇನ್ನಷ್ಟು ವಾಲ್ಯೂಮ್ ಏರಿಸುತ್ತಾನೆ.

ತಪ್ಪು ಹೆಚ್ಚಾಗಿ ಅರ್ಥಿಂಗ್ ತುದಿಯಲ್ಲಿರುತ್ತದೆ. ಬಣ್ಣ ಕೆರೆಯದೆ ಬೋಲ್ಟ್ ಬಿಗಿದಿರುತ್ತಾರೆ, ಇಲ್ಲವೇ ಟ್ರ್ಯಾಕ್ಟರಿನ ಕುಲುಕಾಟಕ್ಕೆ ಅದು ಸಡಿಲಾಗಿರುತ್ತದೆ. ಇನ್ನೊಂದು ಮೋಸ ಬಜಾರಿನದು. ಹೊರಗೆ ಹೆಬ್ಬೆರಳಿನ ದಪ್ಪ ಕಾಣುವ ಕೇಬಲ್ಲಿನ ಒಳಗೆ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಎಳೆಗಳು. ಒಂದೆಳೆಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಹೊಳೆಯುತ್ತದೆ. ಅದೇ ದಪ್ಪದ ಅಪ್ಪಟ ತಾಮ್ರ ಒಯ್ಯುವ ಕರೆಂಟನ್ನು ಅದು ಒಯ್ಯಲಾರದು.

ವಯರ್ ಸರಿಯಿದ್ದರೂ ಮೂಲದಲ್ಲಿ ನೀರಿಲ್ಲದಿದ್ದರೆ? 700 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ 58 ಆಂಪಿಯರ್. ಸಾಮಾನ್ಯ ಟ್ರ್ಯಾಕ್ಟರಿನ ಆಲ್ಟರ್ನೇಟರ್ 40ರ ಆಸುಪಾಸು ಕೊಟ್ಟರೆ ಹೆಚ್ಚು, ಅದರಲ್ಲೇ ಹೆಡ್‌ಲೈಟೂ ಉರಿಯಬೇಕು. ಹಾಡಿನಲ್ಲಿ ಪೂರ್ತಿ ದನಿ ಎಡಬಿಡದೆ ಇರುವುದಿಲ್ಲ ಎನ್ನುವುದೊಂದೇ ಸಮಾಧಾನ. ಎಂಜಿನ್ ನಿಲ್ಲಿಸಿ ಮೆರವಣಿಗೆಯಲ್ಲಿ ಗಂಟೆಗಟ್ಟಲೆ ಬಾರಿಸುವವರಿಗೆ ಆಲ್ಟರ್ನೇಟರಿನ ಆಸರೆಯೂ ಇಲ್ಲ.

ಇನ್ನು ಕೂರಿಸುವ ಜಾಗ. ಗದುಗಿನ ಸುತ್ತ ಗಾಳಿಗೇನೂ ಬರವಿಲ್ಲ, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತವೆ. ಆದರೆ ಆ ಗಾಳಿ ಸೀಟಿನ ಕೆಳಗೆ, ರೆಕ್ಸಿನ್ ಹೊದಿಕೆಯೊಳಗೆ ಮಡಗಿದ ಆಂಪ್‌ಗೆ ತಾಗುವುದಿಲ್ಲ. ಹೀಟ್‌ಸಿಂಕಿನ ಹಲ್ಲುಗಳ ನಡುವೆ ಎರೆಮಣ್ಣಿನ ಧೂಳು, ಹತ್ತಿಯ ನೂಲು ಸೇರಿ ಕಂಬಳಿಯಾಗಿರುತ್ತದೆ. ಬ್ರಷ್ಷು, ಗಾಳಿ ಪಂಪು ಸಾಕು. ಹಲ್ಲುಗಳು ನಿಂತ ದಿಕ್ಕಿನಲ್ಲಿರಬೇಕು, ಸುತ್ತ ನಾಲ್ಕು ಬೆರಳು ಜಾಗ ಬೇಕು, ವೂಫರ್ ಡಬ್ಬಿಯ ಮೇಲೇ ಜಡಿಯಬಾರದು. ಬಿಸಿಗೆ ಫ್ಯಾನ್ ಹಾಕಿ ಕಳಿಸುವುದು ಈಗ ಸಾಮಾನ್ಯ. ನನ್ನ ಪ್ರಕಾರ ಕಾರಣ ಹುಡುಕದೆ ಹಾಕಿದ ಫ್ಯಾನ್ ರಿಪೇರಿಯಲ್ಲ, ಮುಂದಿನ ರಿಪೇರಿಗೆ ಪಡೆದ ವಾಯಿದೆ.

ಬಿಸಿಗೆ ಇನ್ನೊಂದು ಕಾರಣ ಗೇನ್ ತಿರುಪು. ಅದು ವಾಲ್ಯೂಮ್ ಅಲ್ಲವೆಂದು ಹೇಳಿದರೆ ನಂಬುವವರು ಕಡಿಮೆ. ಸ್ಪೀಕರ್ ಕಳಚಿ, ಒಂದೇ ಸ್ವರದ ರೆಕಾರ್ಡಿಂಗ್ ಹಚ್ಚಿ, ಆಂಪ್‌ನ ತುದಿಯಲ್ಲಿ ಮೀಟರ್ ಇಟ್ಟು ತಿರುಪಬೇಕು. 4 ಓಮ್‌ಗೆ 100 ವ್ಯಾಟ್ ಬೇಕಿದ್ದರೆ ಎಸಿ 20 ವೋಲ್ಟಿಗೆ ನಿಲ್ಲಿಸಬೇಕು: ವ್ಯಾಟನ್ನೂ ಓಮನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸಿಗುವ ಲೆಕ್ಕ. ಪಂಚಾಕ್ಷರ ಗವಾಯಿಗಳ, ಪುಟ್ಟರಾಜ ಗವಾಯಿಗಳ ಊರಿನ ಪಕ್ಕದಲ್ಲಿ ಶ್ರುತಿ ಕೂಡಿಸುವುದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ತಿರುಪು ಸದಾ ಕೊನೆಗೇ ನಿಂತಿರುತ್ತದೆ.

ಇಷ್ಟೂ ಸರಿಯಿದ್ದು ಹಾಡು ಹಚ್ಚದೆಯೇ ಬಿಸಿಯಾದರೆ ಆಗ ಮುಚ್ಚಳ ಬಿಚ್ಚಬೇಕು. ಮೊದಲು ಫ್ಯೂಸಿನ ಜಾಗದಲ್ಲಿ ಹೆಡ್‌ಲೈಟ್ ಬಲ್ಬ್. ಝಗ್ಗನೆ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್, ಮಿನುಗಿ ಮಬ್ಬಾದರೆ ಮುಂದುವರಿಯಬಹುದು. ಒಳಗೆ ಎರಡು ಊರು: 12 ವೋಲ್ಟನ್ನು ಏರಿಸುವ ಸಪ್ಲೈ ಕಡೆಗೆ ಝಡ್44, 3205 ಮಾಸ್ಫೆಟ್‌ಗಳ ಸಾಲು, ದನಿಯ ಕಡೆಗೆ 5200–1943 ಟ್ರಾನ್ಸಿಸ್ಟರ್ ಜೋಡಿಗಳು. ಯಾವ ಸಾಲು ಸುಡುತ್ತಿದೆ ಎಂಬುದೇ ಅರ್ಧ ಉತ್ತರ. ಒಂದೇ ಟ್ರಾನ್ಸಿಸ್ಟರ್ ಸುಡುತ್ತಿದ್ದರೆ ಅದರ ಕೆಳಗಿನ ಮೈಕಾ ಹರಿದಿರಬಹುದು, ಬಿಳಿ ಪೇಸ್ಟ್ ಒಣಗಿ ಸುಣ್ಣವಾಗಿರಬಹುದು, ಹಿಡಿಕೆಯ ಸ್ಕ್ರೂ ಸಡಿಲಾಗಿರಬಹುದು. ದನಿಯ ಕಡೆಯ ಇಡೀ ಸಾಲೇ ಕಾಯುತ್ತಿದ್ದರೆ ಬಯಾಸ್, ಅಂದರೆ ಹಾಡಿಲ್ಲದಾಗಲೂ ಹರಿಯುವ ಕರೆಂಟು, ಏರಿರಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬರುವ ಬಿಡಿಭಾಗಗಳಲ್ಲಿ ನಕಲಿ 5200 ಬಂದು ಸೇರಿಕೊಳ್ಳುವುದುಂಟು. ಮೇಲಿನ ಅಕ್ಷರ ಅಸಲಿಯದು, ಒಳಗಿನ ಚಿಪ್ಪು ಚಿಕ್ಕದು. ಹೊಸದು ಹಾಕಿದ ವಾರಕ್ಕೇ ಸುಟ್ಟರೆ ಮಿಸ್ತ್ರಿಯ ಹೆಸರು ಕೆಡುತ್ತದೆ.

ಫ್ಯೂಸ್ ಹೋದಾಗ ತಂತಿ ಸುತ್ತುವುದು, ಸಿಗರೇಟಿನ ಹಾಳೆ ತುರುಕುವುದು ಇನ್ನೂ ನಿಂತಿಲ್ಲ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಸರಿಯಾದ ಫ್ಯೂಸ್ ಇಲ್ಲದ ಗಾಡಿಯನ್ನು ಅಂಗಡಿಯಿಂದ ಬಿಡಲೇಬಾರದು. ಆಂಪ್ ಸುಟ್ಟರೆ ಹೊಸದು ಬರುತ್ತದೆ, ಇಲ್ಲಿ ಸುಡುವುದು ಗಾಡಿ.

ಕೊನೆಯ ಪರೀಕ್ಷೆಯಲ್ಲಿ ಅವಸರ ಸಲ್ಲದು. ತಂಪು ಹೊತ್ತಿನಲ್ಲಿ ಎರಡು ನಿಮಿಷ ಹಾಡಿಸಿ ಕೊಟ್ಟ ಆಂಪ್ ಮರುದಿನ ಬಿಸಿಲೇರಿದ ಮೇಲೆ ವಾಪಸ್ ಬರುತ್ತದೆ. ಎಂಜಿನ್ ಚಾಲೂ ಇಟ್ಟು, ಹೊದಿಕೆ ಮುಚ್ಚಿ, ಮಧ್ಯಾಹ್ನ ಅರ್ಧ ತಾಸು ಬಾರಿಸಿ ನೋಡಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ, ಆದ್ದರಿಂದ ಈ ಪರೀಕ್ಷೆಗೆ ಮಧ್ಯಾಹ್ನವೇ ಕ್ಷೇಮ. ಪಕ್ಕದ ಚಹಾದಂಗಡಿಯವನು ಒಪ್ಪಿದರೆ.